ಏನು ಬಿಡಲಿ ಸಾರ್?

“ಬಿಡಿ ಮೇಡಂ, ಬಿಡಿ!” ಎಂದು ಪಕ್ಕದ ಸೀಟಿನವನು ಹೇಳಿದ್ದೇ ತಡ, ಮೇಡಂ ಸ್ಟೀರಿಂಗಿನಿಂದ ಎರಡೂ ಕೈ ಬಿಟ್ಟರು. ಕಾರು ತನ್ನಿಷ್ಟಕ್ಕೆ ಬಲಕ್ಕೆ ಹೊರಳಿ, ಮೈದಾನದಲ್ಲಿಟ್ಟಿದ್ದ ಕಿತ್ತಳೆ ಬಣ್ಣದ ಕೋನ್ ಒಂದನ್ನು ಉರುಳಿಸಿತು. ಕಲಿಸುವವರಿಗೆಂದು ತನ್ನ ಕಾಲ ಬಳಿ ಇದ್ದ ಇನ್ನೊಂದು ಬ್ರೇಕನ್ನು ಅವನು ಒತ್ತಿದ ಮೇಲೆಯೇ ಅದು ನಿಂತದ್ದು.

ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದವನು ಈಗ ಡ್ರೈವಿಂಗ್ ಕಲಿಸುವ ಮೇಷ್ಟ್ರಾಗಲು ಹೊರಟಿದ್ದ. ಇವತ್ತು ಅದರ ಪರೀಕ್ಷೆ. ಫೇಲಾದರೆ ಇನ್ನೊಂದು ವರ್ಷ ಕಾಯಬೇಕು. ತರಬೇತಿ ಕೊಟ್ಟ ಮೇಡಮ್ಮೇ ಪರೀಕ್ಷಕಿ; ಏನೂ ಬಾರದ ಶಿಷ್ಯೆಯಂತೆ ಸ್ಟೀರಿಂಗ್ ಹಿಡಿದು ಕೂತು, ಅವನು ಹೇಳಿದ್ದನ್ನಷ್ಟೇ ಮಾಡುತ್ತಿದ್ದರು. “ಕೈ ಯಾಕೆ ಬಿಟ್ರಿ? ನಾನು ಹೇಳಿದ್ದು ಕ್ಲಚ್ಚು!” ಎಂದು ಅವನು ಕೂಗಿದ. “ಆಗ ‘ಗಾಡಿ ಬಿಡಿ’ ಅಂದ್ರಿ, ಓಡಿಸಿದೆ. ‘ಭಯ ಬಿಡಿ’ ಅಂದ್ರಿ, ಬಿಟ್ಟೆ. ಈಗ ಬರೀ ‘ಬಿಡಿ’ ಅಂದ್ರೆ ಏನು ಬಿಡಲಿ ಸಾರ್?” ಎಂದರು ಮೇಡಂ, ಪಾಪದ ಮುಖ ಮಾಡಿಕೊಂಡು. “ಇನ್ನೊಂದು ಸಲ ನೋಡೋಣ. ಅದೇ ಕೊನೆ.”

ಅವನು ಇಳಿದು ಕೋನನ್ನು ನೆಟ್ಟಗೆ ನಿಲ್ಲಿಸಿ ಬಂದ. “ಎಡಗಾಲನ್ನ ಕ್ಲಚ್ ಮೇಲಿಂದ ನಿಧಾನಕ್ಕೆ ಎತ್ತುತ್ತಾ ಬನ್ನಿ. ಕೈ ಸ್ಟೀರಿಂಗ್ ಮೇಲೇ ಇರ್ಲಿ.” ಬಾಯಿಗೆ ಬಂದ ‘ಬಿಡಿ’ಗಳನ್ನೆಲ್ಲ ನುಂಗಿಕೊಂಡ. ಕೋನುಗಳ ನಡುವೆ ಕಾರು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಾಗಿತು.

“ಪಾಸಾದ್ರಿ ಮೇಷ್ಟ್ರೇ! ಇಷ್ಟು ಚೆನ್ನಾಗಿ ಹೇಳಿಕೊಟ್ಟೋರು ಈ ವರ್ಷ ನೀವೊಬ್ರೇ.”

ಅವನ ಮುಖ ಊರಗಲವಾಯಿತು. ನಾಚಿಕೊಂಡು, “ಅಯ್ಯೋ, ಬಿಡಿ ಮೇಡಂ!” ಎಂದ.

ಮೇಡಂ ನಗು ತಡೆದುಕೊಂಡು, ಸ್ಟೀರಿಂಗಿನಿಂದ ಎರಡೂ ಕೈ ಎತ್ತಿದರು.