ಹತ್ತು ಫೆಮ್ಟೊಸೆಕೆಂಡ್

ಹತ್ತು ಫೆಮ್ಟೊಸೆಕೆಂಡ್ ಎನ್ನುವುದು ರಂಝಾನಿಗೆ ಮೊದಲು ಮುಗಿಯುತ್ತದೆಯೋ, ಪೆರ್ನಾಲ್ ಹಬ್ಬ ಕಳೆದ ಮೇಲೆಯೋ ಎಂಬ ಗಹನವಾದ ಪ್ರಶ್ನೆ ಕಳೆದ ಶುಕ್ರವಾರ ದರ್ಬೆಯ ಬಾವ ಎಂಬವರ ಮನೆಯಲ್ಲಿ ಎದ್ದಿತು. ಎತ್ತಿದವರು ಆಸ್ಯಮ್ಮ. ಮೊಮ್ಮಗ ಮಶೂದನಿಗೆ ಬಾವರ ಮಗಳು ಝುಹ್ರಾಳನ್ನು ಗೊತ್ತುಮಾಡಿ, ನಿಕಾಹಿನ ದಿನ ನಿಶ್ಚಯಿಸಲೆಂದೇ ಕಡಬದಿಂದ ಬಸ್ಸು ಹಿಡಿದು ಬಂದಿದ್ದರು.

ತಪ್ಪು ಬಾವರದು. ಝುಹ್ರಾಳಿಗೆ ಮೈಸೂರಿನಲ್ಲಿ ಭೌತಶಾಸ್ತ್ರದ ಸಂಶೋಧನೆಗೆ ಸೀಟು ಸಿಕ್ಕಿತ್ತು. ಐದು ವರ್ಷದ ಕೆಲಸ, ಸೋಮವಾರ ಸೇರದಿದ್ದರೆ ಸೀಟು ಇನ್ನೊಬ್ಬರಿಗೆ. ಐದು ವರ್ಷ ಎಂದರೆ ಸಂಬಂಧ ತಪ್ಪೀತು, ಹೋಗಬೇಡ ಎಂದರೆ ಮಗಳು ಮಾತು ಬಿಟ್ಟಾಳು. ಬಾವರದು ಬ್ಯಾಗಿನ ಅಂಗಡಿ. ಜಿಪ್ ಹಾಕಿಕೊಡಲು 'ಎರಡೇ ನಿಮಿಷ' ಎಂದು ಸೂಟ್‌ಕೇಸು ಇಳಿಸಿಕೊಂಡು ಎರಡು ವಾರ ಸತಾಯಿಸಿ ಅಭ್ಯಾಸ. ಮಗಳ ಸೂಟ್‌ಕೇಸೂ ತಿಂಗಳಿಂದ ಅಲ್ಲೇ ಬಾಯಿ ತೆರೆದು ಬಿದ್ದಿತ್ತು. ಹಾಗಾಗಿ, ಹುಡುಗಿಯ ಓದು ಇನ್ನೆಷ್ಟು ಉಂಟೆಂದು ಆಸ್ಯಮ್ಮ ಫೋನಿನಲ್ಲಿ ಕೇಳಿದಾಗ, ಮಗಳ ಬಾಯಲ್ಲಿ ಕೇಳಿದ್ದನ್ನೇ ನೆನಪಿಸಿಕೊಂಡು, "ಅವಳದ್ದೆಲ್ಲ ಹತ್ತು ಫೆಮ್ಟೊಸೆಕೆಂಡಿನ ಕೆಲಸ" ಎಂದುಬಿಟ್ಟಿದ್ದರು. ಸುಳ್ಳೇನೂ ಅಲ್ಲ.

ಆಸ್ಯಮ್ಮ ಗೋಡೆಯ ಕ್ಯಾಲೆಂಡರನ್ನು ಇಳಿಸಿ ಮಡಿಲಲ್ಲಿಟ್ಟುಕೊಂಡರು. "ಇದರಲ್ಲಿ ತೋರಿಸು ಬಾವಾ. ಯಾವ ತಿಂಗಳಲ್ಲಿ ಬರ್ತದೆ ಅದು?"

"ತುಂಬಾ ಸಣ್ಣದು ಉಮ್ಮಾ. ಕ್ಯಾಲೆಂಡರಿನಲ್ಲಿ ಬರುದಿಲ್ಲ."

"ಉಪವಾಸ ಶುರುವಾಗುದರೊಳಗೆ ಮುಗೀತದಲ್ಲ?"

"ಅದಕ್ಕೆಂತ, ಮುಗೀತದೆ."

"ಹಾಗಾದ್ರೆ ಇವತ್ತೇ ದಿನ ಹಿಡಿಯುವ."

ಶರಬತ್ತು ತಂದ ಝುಹ್ರಾ ತಟ್ಟೆಯನ್ನು ಅಪ್ಪನ ಮುಂದಿಟ್ಟವಳು ಒಳಗೆ ಹೋಗಲಿಲ್ಲ. "ಉಪ್ಪ ಹೇಳಿದ್ದು ನಾನು ಅಳೆಯುವ ಸಮಯ ಉಮ್ಮಾ. ಅಳೆದು ಮುಗಿಸ್ಲಿಕ್ಕೆ ಐದು ವರ್ಷ ಉಂಟು."

ಬಾವ ತಲೆಯ ಮೇಲಿನ ಫ್ಯಾನನ್ನು ಪರೀಕ್ಷಿಸತೊಡಗಿದರು.

"ಅಂಥದ್ದು ಎಂತ ಅದು?" ಎಂದರು ಆಸ್ಯಮ್ಮ. "ನನಗೆ ತಿಳಿಯುವ ಹಾಗೆ ಹೇಳು."

"ನೀರಿನ ಒಂದು ಅಣು ಒಮ್ಮೆ ಮೈ ಕೊಡವುವಷ್ಟು ಹೊತ್ತು. ಒಂದು ಫೆಮ್ಟೊಸೆಕೆಂಡನ್ನು ಎಳೆದು ಎಳೆದು ಒಂದು ಸೆಕೆಂಡ್ ಮಾಡಿದ್ರೆ, ನಮ್ಮ ಒಂದು ಸೆಕೆಂಡ್ ಮೂರು ಕೋಟಿ ವರ್ಷ ಆಗ್ತದೆ."

ಆಸ್ಯಮ್ಮ ಗಡಿಯಾರ ನೋಡಿದರು. ಸೆಕೆಂಡಿನ ಸಪೂರ ಮುಳ್ಳು ಒಂದು ಹೆಜ್ಜೆ ಇಟ್ಟಿತು.

"ಈಗ ಹೋಯ್ತಾ ಮೂರು ಕೋಟಿ?"

"ಹೋಯ್ತು."

"ಪೆರ್ನಾಲ್ ಎಲ್ಲ ಸೇರಿ?"

"ಎಲ್ಲ ಸೇರಿ."

ಆಸ್ಯಮ್ಮ ಶರಬತ್ತನ್ನು ಪೂರ್ತಿ ಕುಡಿದರು. "ನನ್ನವರು ಬಹರೈನಿಗೆ ಹೋಗುವಾಗ, ಇದಾ, ಬರುವ ಪೆರ್ನಾಲಿಗೆ ಬಂದೆ ಅಂತ ಹೇಳಿದ್ದು. ಬಂದದ್ದು ಒಂಬತ್ತನೇ ಪೆರ್ನಾಲಿಗೆ. ಅದನ್ನು ಅಳೆಯುವ ಮೆಶಿನ್ ಉಂಟಾ ನಿಮ್ಮ ಮೈಸೂರಿನಲ್ಲಿ?"

"ಇಲ್ಲ."

"ಇರುದಿಲ್ಲ. ಮಶೂದನಿಗೆ ಫೋನ್ ಹಚ್ಚು."

ದೋಹಾದಲ್ಲಿದ್ದ ಮಶೂದ್ ಪರದೆಯ ಮೇಲೆ ಬಂದ. ಯಾವುದೋ ಗೋದಾಮು, ಹಿಂದೆ ಪೆಟ್ಟಿಗೆಗಳ ರಾಶಿ.

"ಹುಡುಗಿಯ ಓದು ಇನ್ನೂ ಚೂರು ಉಂಟು ಮಗಾ," ಎಂದರು ಆಸ್ಯಮ್ಮ. "ಹತ್ತು ಫೆಮ್ಟೊಸೆಕೆಂಡಿನ ಕೆಲಸ ಅಂತೆ. ಅದು ಮುಗಿದ ಮೇಲೆ ನಿಕಾಹ್. ಆಗ್ತದಾ?"

"ಸೆಕೆಂಡಾ?" ಮಶೂದ್ ನಕ್ಕ. "ಅಷ್ಟಕ್ಕೆಲ್ಲ ನನ್ನನ್ನು ಎಂತಕ್ಕೆ ಕೇಳುದು?"

"ಕೇಳ್ಬೇಕಲ್ಲ. ಕಾಯ್ತೀಯಾ?"

"ಕಾಯ್ತೇನೆ ಮಾರಾಯ್ರೆ. ಇಲ್ಲಿ ಲೋಡ್ ಬಂದಿದೆ, ಎರಡು ನಿಮಿಷದಲ್ಲಿ ನಾನೇ ಫೋನ್ ಮಾಡ್ತೇನೆ."

ಆಸ್ಯಮ್ಮ ಕ್ಯಾಲೆಂಡರನ್ನು ಬಾವರ ಕೈಗೆ ಕೊಟ್ಟರು. ಬಾವ ಅದನ್ನು ಮೊಳೆಗೆ ಸಿಕ್ಕಿಸಿ, ತಲೆಗೆ ಟೊಪ್ಪಿ ಇಟ್ಟುಕೊಂಡು ಅಂಗಡಿಗೆ ಹೋದರು.

ಮಶೂದನ ಫೋನು ಅಂದು ಬರಲಿಲ್ಲ. ಸೂಟ್‌ಕೇಸಿಗೆ ಜಿಪ್ ಹಾಕಲು ಬಾವರಿಗೆ ಎರಡೇ ನಿಮಿಷ ಹಿಡಿಯಿತು. ಸೋಮವಾರ ಝುಹ್ರಾ ಮೈಸೂರಿನಲ್ಲಿ ಸೇರಿಕೊಂಡಳು.