ಕೂಲರಿನ ಮುಖ

ವಾದಿರಾಜ ಕೂಲರಿನ ಮುಖವನ್ನು ಕಂಪ್ಯೂಟರಿನ ಕಡೆಯಿಂದ ಹೆಂಡತಿಯ ಮಂಚದ ಕಡೆಗೆ ತಿರುಗಿಸಿದ. ಬೆಳಿಗ್ಗೆ ಅಡುಗೆಮನೆಯಲ್ಲಿ ಸೆಕೆಗೆ ತಲೆಸುತ್ತಿ ಬಿದ್ದಿದ್ದ ಸೀತಾಲಕ್ಷ್ಮಿಯನ್ನು ಡಾಕ್ಟರಿಗೆ ತೋರಿಸಿ ಆಗಷ್ಟೇ ಮನೆಗೆ ಕರೆತಂದಿದ್ದ.

ಮೂಲೆಯಲ್ಲಿ ಕಂಪ್ಯೂಟರ್ ಗುಂಯ್‌ಗುಡುತ್ತಲೇ ಇತ್ತು. ಕ್ಯಾನ್ಸರಿಗೆ ಔಷಧಿ ಹುಡುಕುವ ವಿಜ್ಞಾನಿಗಳಿಗೆ ಎಲ್ಲೆಲ್ಲಿಯೋ ಇರುವ ಜನ ತಮ್ಮ ಮನೆಯ ಕಂಪ್ಯೂಟರಿನಲ್ಲಿ ಪುಕ್ಕಟೆಯಾಗಿ ಲೆಕ್ಕ ಮಾಡಿಕೊಡುತ್ತಾರೆ. ಅವರಲ್ಲಿ ಇವನೂ ಒಬ್ಬ. ಕಂಪ್ಯೂಟರಿನೊಳಗೆ ಲೆಕ್ಕ ಮಾಡುವ ಎಂಟು ಕೋರ್‌ಗಳೂ ಒಟ್ಟಿಗೆ ದುಡಿದರೆ ನಾಗಪುರದ ಮೇ ತಿಂಗಳಲ್ಲಿ ಯಂತ್ರ ಕಾದು ಕೆಂಡವಾಗುತ್ತಿತ್ತು. ನಾಲ್ಕನ್ನಾದರೂ ನಿಲ್ಲಿಸಲು ಮನಸ್ಸು ಬಾರದೆ, ಹೋದ ಬೇಸಿಗೆಯಲ್ಲೇ ಮನೆಗಿದ್ದ ಒಂದೇ ಕೂಲರನ್ನು ಅದಕ್ಕೆ ಬಿಟ್ಟುಕೊಟ್ಟಿದ್ದ.

"ಈಗ ಬರೋಬರ್ ಆಯ್ತು. ಇನ್ಮೇಲೆ ಗಾಳಿ ನಿನಗೇ, ಆರಾಮಾಗಿ ಮಲಗು," ಎಂದು ನೀರು ತರಲು ಒಳಗೆ ಹೋದ.

ಲೋಟ ಹಿಡಿದು ಬರುವಷ್ಟರಲ್ಲಿ ಸೀತಾಲಕ್ಷ್ಮಿ ಎದ್ದಿದ್ದಳು. ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡು, ಇನ್ನೊಂದರಲ್ಲಿ ಕೂಲರನ್ನು ಮತ್ತೆ ಕಂಪ್ಯೂಟರಿನ ಕಡೆಗೆ ತಿರುಗಿಸುತ್ತಿದ್ದಳು.

"ಅಯ್ಯೋ, ಏನು ಮಾಡ್ತಿದ್ದೀಯ?"

"ಯಾರೋ ಪಾಪ ಔಷಧಿಗೆ ಕಾಯ್ತಿದ್ದಾರಲ್ಲ ರೀ," ಎಂದಳು. "ನಾನು ಒದ್ದೆ ಟವಲ್ ಹೊದ್ಕೋತೀನಿ ಬಿಡಿ. ನಂಗೆ ಅಭ್ಯಾಸ ಆಗಿದೆ."