ಸೂಜಿ ಅಕ್ಕನ ರಿಪೋರ್ಟು

"ನಾಳೆಯಿಂದ ನೀವು ಸೂಜಿ ಮುಟ್ಟೋದು ಬೇಡ ಅಕ್ಕ. ಟೋಕನ್ ಕೊಡೋ ಕೌಂಟರಿಗೆ ಹೋಗಿ," ಎನ್ನುತ್ತಾ ಡಾಕ್ಟರು ಒಂದು ಹಾಳೆಯನ್ನು ಮೇಜಿನ ಮೇಲೆ ಸರಿಸಿದರು.

ಆ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಬಂದವರ ತೋಳಿನಿಂದ ರಕ್ತ ತೆಗೆಯುತ್ತಿದ್ದವಳು ಅವಳು. ಎಲ್ಲರ ಬಾಯಲ್ಲೂ ಸೂಜಿ ಅಕ್ಕ. ಹಾಳೆಯ ಮೇಲೆ ತನ್ನದೇ ಹೆಸರು ಕಂಡು ಹುಬ್ಬೇರಿಸಿದಳು.

"ಏನ್ ಸಾರ್ ಇದು?"

"ಹೊಸ ಪರೀಕ್ಷೆ. ರಕ್ತದಲ್ಲಿರೋ ಕೆಲವು ಪ್ರೋಟೀನ್ ನೋಡಿ, ವಯಸ್ಸಾದ ಮೇಲೆ ಯಾರ ಕಣ್ಣಿಗೆ ಪೊರೆ ಬರೋ ಸಂಭವ ಜಾಸ್ತಿ ಅಂತ ಹೇಳುತ್ತೆ. ಹೋದ ತಿಂಗಳು ನೀವೆಲ್ಲ ಸಕ್ಕರೆ ಪರೀಕ್ಷೆಗೆ ರಕ್ತ ಕೊಟ್ರಲ್ಲ, ಮಿಕ್ಕಿದ್ದನ್ನ ಇದಕ್ಕೂ ಹಾಕಿ ನೋಡಿದ್ವಿ. ನಿಮ್ಮದು ಜಾಸ್ತಿ ಬಂದಿದೆ."

"ಬಂದಿರೋದು ಪೊರೆನಾ, ಸಂಭವನಾ?"

"ಸಂಭವ."

ಸೂಜಿ ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ರಂಪ ಮಾಡುವ ಮಕ್ಕಳೂ ಅವಳ ಮುಂದೆ ತೋಳು ಚಾಚುತ್ತಿದ್ದವು. ಬೇರೆಯವರು ಸೂಜಿ ಹಿಡಿದರೆ "ಅಕ್ಕ ಬರಲಿ, ಕಾಯ್ತೀವಿ" ಎನ್ನುವ ಮುದುಕರಿದ್ದರು. ಆ ಕೆಲಸ ಬಿಟ್ಟು ಟೋಕನ್ ಹರಿದುಕೊಡಬೇಕಂತೆ!

"ಪೊರೆ ಬಂದ ದಿನ ತೆಗೆಸ್ಕೋತೀನಿ ಸಾರ್. ಇನ್ನೂ ಬರದೇ ಇರೋದಕ್ಕೆ ಈಗಲೇ ಎದ್ದು ಹೋಗು ಅಂದ್ರೆ ಇದ್ಯಾವ ನ್ಯಾಯ?"

"ಕಣ್ಣು ಮಂಜಾಗಿ ಯಾರಿಗಾದ್ರೂ ತಪ್ಪು ಜಾಗಕ್ಕೆ ಚುಚ್ಚಿದ್ರೆ?"

"ತೋಳು ಕೊಡಿ."

ಡಾಕ್ಟರದು ಮಾತ್ರ ಸಕ್ಕರೆ ಪರೀಕ್ಷೆ ಇನ್ನೂ ಬಾಕಿಯಿತ್ತು. ನಿನ್ನೆ ಅವಳು ರಜೆ ಹಾಕಿದ್ದಾಗ ಇನ್ನೊಬ್ಬರು ಮೂರು ಕಡೆ ಚುಚ್ಚಿ, ನರ ಸಿಗದೆ ಕೈಚೆಲ್ಲಿದ್ದರು. ಮೊಣಕೈ ಒಳಗೆ ಇನ್ನೂ ನೀಲಿಗಟ್ಟಿತ್ತು. ಡಾಕ್ಟರು ಬೇರೆ ದಾರಿಯಿಲ್ಲದೆ ಇನ್ನೊಂದು ತೋಳು ಚಾಚಿದರು.

ಸೂಜಿ ಅಕ್ಕ ಪಟ್ಟಿ ಬಿಗಿದಳು. ಬೇಕೆಂದೇ ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ಎರಡು ಬೆರಳಿನಿಂದ ಚರ್ಮವನ್ನು ಮೆಲ್ಲಗೆ ಒತ್ತುತ್ತಾ ಹೋದಳು.

"ನಿಮ್ಮಂಥೋರ ನರ ಕಣ್ಣಿಗೆ ಕಾಣೋದಲ್ಲ ಸಾರ್, ಬೆರಳಿಗೆ ಸಿಗೋದು. ಹಾಂ, ಇಲ್ಲಿ ಅಡಗಿ ಕೂತಿದೆ ನೋಡಿ, ಕಳ್ಳ!"

ಆಮೇಲೆ ತಿರುಗಿ ಸೂಜಿ ಹಾಕಿದಳು. ಒಂದೇ ಸಲಕ್ಕೆ ರಕ್ತ ಬಂತು. ಡಾಕ್ಟರಿಗೆ ಇರುವೆ ಕಚ್ಚಿದಷ್ಟೂ ನೋವಾಗಲಿಲ್ಲ.

ಅವಳು ಕೊಳವೆಯ ಮೇಲೆ ಡಾಕ್ಟರ ಹೆಸರು ಬರೆದಳು. ಸಕ್ಕರೆಯ ಟ್ರೇ ಪಕ್ಕದಲ್ಲೇ ಇತ್ತು. ಅದನ್ನು ಬಿಟ್ಟು, ಪೊರೆ ಪರೀಕ್ಷೆಯ ಟ್ರೇಯಲ್ಲಿ ಇಟ್ಟಳು.

ಡಾಕ್ಟರು ಧಡಕ್ಕನೆ ಎದ್ದರು. ದಿನವಿಡೀ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂರುವ ಕೆಲಸ ಅವರದು, ವಯಸ್ಸಿನಲ್ಲಿ ಅವಳಿಗಿಂತ ಆರು ವರ್ಷ ದೊಡ್ಡವರು ಬೇರೆ.

"ಅಯ್ಯೋ, ಅಲ್ಯಾಕೆ ಇಟ್ರಿ? ನಾನು ಕೊಟ್ಟಿದ್ದು ಸಕ್ಕರೆಗೆ!"

"ನಾನೂ ಅದಕ್ಕೇ ಕೊಟ್ಟಿದ್ದೆ ಸಾರ್," ಎಂದ ಸೂಜಿ ಅಕ್ಕ ಹೊಸ ಸೂಜಿಯೊಂದನ್ನು ಕೈಗೆತ್ತಿಕೊಂಡು, ಬಾಗಿಲ ಕಡೆ ತಿರುಗಿ ಕೂಗಿದಳು, "ಮುಂದಿನವರು ಬನ್ನಿ!"